ಬಳ್ಳಾರಿಗೆ ಹಳಿ ಇದೆ, ಹೊತ್ತಿಗೆ ಗಾಡಿ ಯಾಕಿಲ್ಲ?

ಪ್ರಶ್ನೆ: ನಾನು ಬಳ್ಳಾರಿ ಕೌಲ್ ಬಜಾರ್ ಕಡೆಯವನು. ಕೆಲಸ ತೋರಣಗಲ್ಲಿನಲ್ಲಿ. ಮಗಳು ಹೊಸಪೇಟೆಯಲ್ಲಿ ಡಿಗ್ರಿ ಓದುತ್ತಿದ್ದಾಳೆ, ದಿನಾ ಓಡಾಡುತ್ತಾಳೆ. ನಮ್ಮೂರಲ್ಲಿ ಹಗಲೂ ರಾತ್ರಿ ಗೂಡ್ಸ್ ಗಾಡಿ ಓಡುತ್ತವೆ. ಡಬಲ್ ಲೈನ್ ಆಗಿದೆ, ಕರೆಂಟ್ ಬಂದಿದೆ. ಆದರೂ ನಮ್ಮ ಹೊತ್ತಿಗೆ ಹೋಗಿ ನಮ್ಮ ಹೊತ್ತಿಗೆ ವಾಪಸ್ ಬರೋ ಗಾಡಿ ಸಿಗಲ್ಲ. ಸ್ಟೇಷನ್ ಮುಟ್ಟೋಕೆ ಆಟೋಗೆ ಕೊಡೋದು ರೈಲಿನ ಟಿಕೆಟ್‌ಗಿಂತ ಜಾಸ್ತಿ. ಬೆಂಗಳೂರಿಗೆ ಹೋಗಬೇಕಂದ್ರೆ ಆಂಧ್ರದ ಗುಂತಕಲ್ ಸುತ್ತಬೇಕು. ಅದಿರಿಗೆ ಸಿಗೋ ಮರ್ಯಾದೆ ಮನುಷ್ಯರಿಗೆ ಯಾಕಿಲ್ಲ? ನಾವು ಏನಂತ ಕೇಳಬೇಕು, ಯಾರನ್ನ ಕೇಳಬೇಕು? ಕೊನೆಗೆ ಇನ್ನೊಂದು: ಸೀಸನ್ ಟಿಕೆಟ್ ಮಾಡಿಸಿದರೆ ಏನಾದರೂ ಉಳಿಯುತ್ತಾ?

ಉತ್ತರ: ನಾನು ರೈಲ್ವೆಯ ಆಪರೇಟಿಂಗ್ ವಿಭಾಗದಲ್ಲಿದ್ದವನು. ಅದರಲ್ಲೂ ಕಂಟ್ರೋಲ್ ರೂಮಿನಲ್ಲಿ ಕೂತದ್ದೇ ಜಾಸ್ತಿ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಪ್ಲಾಟ್‌ಫಾರ್ಮ್ ಮೇಲಿಂದ ನೋಡದೆ, ಗಾಡಿ ಓಡಿಸೋರ ಕಡೆಯಿಂದ ನೋಡಿ ಉತ್ತರ ಹೇಳುತ್ತೇನೆ. ಅದಿರಿನ ಮೇಲೆ ನಿಮಗಿರೋ ಸಿಟ್ಟು ಅರ್ಥವಾಗುತ್ತದೆ. ಆದರೆ ನಿಮ್ಮ ಗಾಡಿಗೆ ಅಡ್ಡ ಬಂದಿರೋದು ಅದಿರು ಒಂದೇ ಅಂದುಕೊಂಡರೆ ಅರ್ಜಿಯಲ್ಲಿ ತಪ್ಪು ವಿಷಯ ಕೇಳಿಬಿಡುತ್ತೀರಿ.

ಮೊದಲು ಅದಿರಿನ ಲೆಕ್ಕವನ್ನೇ ನೋಡೋಣ. ಬಳ್ಳಾರಿಯಿಂದ ಹೊಸಪೇಟೆಗೆ ರೈಲಿನಲ್ಲಿ ಸುಮಾರು 65 ಕಿಲೋಮೀಟರ್. ಮಧ್ಯದಲ್ಲಿ ಕುಡತಿನಿ, ಅಲ್ಲಿ ಕಲ್ಲಿದ್ದಲಿನಿಂದ ಕರೆಂಟ್ ಮಾಡೋ ಸ್ಥಾವರ. ಆಮೇಲೆ ತೋರಣಗಲ್ಲು, ಅಲ್ಲಿ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು. ಒಂದು ಟನ್ ಉಕ್ಕಿಗೆ ಒಂದೂವರೆ ಟನ್‌ಗಿಂತ ಜಾಸ್ತಿ ಅದಿರು ಬೇಕು, ಅದರ ಜೊತೆ ಕಲ್ಲಿದ್ದಲು, ಸುಣ್ಣದ ಕಲ್ಲು. ಕಲ್ಲಿದ್ದಲು ಬಂದರಿನಿಂದ ಬರಬೇಕು, ತಯಾರಾದ ಉಕ್ಕು ಹೊರಗೆ ಹೋಗಬೇಕು. ಅಂದರೆ ಗಾಡಿ ತುಂಬಿ ಬರುತ್ತದೆ, ತುಂಬಿಯೂ ಹೋಗುತ್ತದೆ. ಐವತ್ತೆಂಟು, ಐವತ್ತೊಂಬತ್ತು ವ್ಯಾಗನ್ನಿನ ಒಂದು ಗಾಡಿ ಅರ್ಧ ಕಿಲೋಮೀಟರ್‌ಗೂ ಜಾಸ್ತಿ ಉದ್ದ. ಒಂದೊಂದು ವ್ಯಾಗನ್ನಿಗೆ ಅರವತ್ತು ಟನ್ ಮೇಲೆ. ಇಂಥ ಗಾಡಿ ಒಂದು ಸಲ ನಿಂತರೆ ಮತ್ತೆ ವೇಗ ಹಿಡಿಯೋಕೆ ಹೊತ್ತು ಬೇಕು. ಅದಕ್ಕೇ ಯಾವ ಗಾಡಿ ಮುಂದೆ, ಯಾವುದು ಹಿಂದೆ ಅಂತ ಹೇಳೋ ಕಂಟ್ರೋಲರ್ ಯಾವತ್ತೂ ಲೋಡ್ ಗಾಡಿ ನಿಲ್ಲಿಸೋಕೆ ಹಿಂದೆಮುಂದೆ ನೋಡುತ್ತಾನೆ.

ಕಂಟ್ರೋಲ್ ಚಾರ್ಟ್ ಅಂತ ಒಂದು ಇರುತ್ತದೆ. ಎಡಗಡೆ ಮೇಲಿಂದ ಕೆಳಕ್ಕೆ ಸ್ಟೇಷನ್ ಹೆಸರು: ಬಳ್ಳಾರಿ, ಕುಡತಿನಿ, ತೋರಣಗಲ್ಲು, ಗಾದಿಗನೂರು, ಹೊಸಪೇಟೆ, ಹೀಗೆ. ಅಡ್ಡಕ್ಕೆ ಗಂಟೆ, ನಿಮಿಷ. ಒಂದೊಂದು ಗಾಡಿಗೆ ಒಂದೊಂದು ಓರೆ ಗೆರೆ. ಜೋರಾಗಿ ಓಡೋ ಗಾಡಿಯ ಗೆರೆ ಕಡಿದಾಗಿ ಇಳಿಯುತ್ತದೆ. ನಿಧಾನದ ಗಾಡಿಯದು ಒರಗಿಕೊಂಡಿರುತ್ತದೆ. ಗಾಡಿ ನಿಂತಲ್ಲಿ ಗೆರೆ ಅಡ್ಡಡ್ಡ ಹೋಗುತ್ತದೆ. ಮೊದಲೆಲ್ಲ ಬಣ್ಣದ ಪೆನ್ಸಿಲ್ ಹಿಡಿದು ಕೈಯಲ್ಲೇ ಎಳೆಯುತ್ತಿದ್ದೆವು, ಈಗ ಕಂಪ್ಯೂಟರ್ ಎಳೆಯುತ್ತದೆ. ನಿಯಮ ಮಾತ್ರ ಅದೇ. ಒಂದೇ ಹಳಿಯ ಎರಡು ಗೆರೆ ನಡುದಾರಿಯಲ್ಲಿ ಒಂದನ್ನೊಂದು ಕತ್ತರಿಸಬಾರದು. ಕತ್ತರಿಸಬೇಕಾಗಿ ಬಂದರೆ ಅದು ಸ್ಟೇಷನ್ನಿನಲ್ಲೇ ಆಗಬೇಕು, ಒಂದು ಗಾಡಿ ಲೂಪ್ ಲೈನಿಗೆ, ಅಂದರೆ ಸ್ಟೇಷನ್ನಿನ ಪಕ್ಕದ ಹಳಿಗೆ, ಹೋಗಿ ಕಾಯಬೇಕು.

ಡಬಲ್ ಲೈನ್ ಆದಮೇಲೆ ಎದುರು ಬರೋ ಗಾಡಿಯ ಕಾಟ ತಪ್ಪಿತು. ಹಿಂದಿನಿಂದ ಬರೋ ಗಾಡಿಯ ಕಾಟ ತಪ್ಪಲಿಲ್ಲ. ಗೂಡ್ಸ್ ಗಂಟೆಗೆ 50 ಕಿಲೋಮೀಟರ್ ಸರಾಸರಿಯಲ್ಲಿ ಹೋದರೆ ಬಳ್ಳಾರಿಯಿಂದ ಹೊಸಪೇಟೆಗೆ 78 ನಿಮಿಷ. ಎಕ್ಸ್‌ಪ್ರೆಸ್ 80ರ ಸರಾಸರಿಯಲ್ಲಿ 49 ನಿಮಿಷ. ಗೂಡ್ಸ್ ಹೊರಟ 20 ನಿಮಿಷಕ್ಕೆ ಎಕ್ಸ್‌ಪ್ರೆಸ್ ಬಿಟ್ಟರೆ ಹೊಸಪೇಟೆಗೆ ಮುಂಚೆಯೇ ಅದರ ಬೆನ್ನಿಗೆ ಬಂದುಬಿಡುತ್ತದೆ. ಆಗ ಗೂಡ್ಸನ್ನು ಪಕ್ಕಕ್ಕೆ ಹಾಕಬೇಕು, ಇಲ್ಲಾ ಎಕ್ಸ್‌ಪ್ರೆಸ್‌ಗೆ ಹಳದಿ ಸಿಗ್ನಲ್ ತೋರಿಸುತ್ತಾ ಅದರ ಹಿಂದೆಯೇ ತರಬೇಕು. ಲೈನಿಗೆ ನಿಜವಾದ ಭಾರ ಈ ವೇಗದ ವ್ಯತ್ಯಾಸದಿಂದ ಬೀಳುತ್ತದೆ. ಗಾಡಿ ಎಷ್ಟಿವೆ ಅನ್ನೋ ಲೆಕ್ಕ ಅದರ ನಂತರದ್ದು.

ಈಗ ಇದೇ ಚಾರ್ಟಿನಲ್ಲಿ ನಿಮಗೆ ಬೇಕಾದ ಗಾಡಿಯ ಗೆರೆ ಎಳೆದು ನೋಡಿ. ಒಂದು ಮೆಮು ಅಂದುಕೊಳ್ಳೋಣ. ಎರಡೂ ತುದಿಗೆ ಡ್ರೈವರ್ ಕ್ಯಾಬಿನ್ ಇರೋ, ಕರೆಂಟಿನಲ್ಲೇ ಓಡೋ, ಬೇಗ ವೇಗ ಹಿಡಿಯೋ ಗಾಡಿ. ನಿಲ್ಲದೆ ಹೋದರೆ 70ರ ಸರಾಸರಿಯಲ್ಲಿ 56 ನಿಮಿಷ. ಮಧ್ಯದಲ್ಲಿ ಆರು ಕಡೆ ನಿಲ್ಲಿಸಿದರೆ, ಒಂದೊಂದಕ್ಕೆ ಎರಡೂವರೆ ನಿಮಿಷ ಹೋಯಿತು ಅಂದರೂ 71 ನಿಮಿಷ. ಗೂಡ್ಸ್‌ಗೆ 78, ಮೆಮುಗೆ 71. ಎರಡು ಗೆರೆಯ ಓರೆ ಹೆಚ್ಚುಕಮ್ಮಿ ಒಂದೇ! ಎರಡು ಗೂಡ್ಸ್ ಗಾಡಿಗಳ ನಡುವೆ ನಿಮ್ಮ ಮೆಮು ಯಾರಿಗೂ ತೊಂದರೆ ಕೊಡದೆ ಹೋಗಬಹುದು. ಗೂಡ್ಸ್‌ಗೆ ನಿಜವಾದ ತಲೆನೋವು ನಾವು ಹೆಮ್ಮೆಯಿಂದ ಕೇಳೋ ಸೂಪರ್‌ಫಾಸ್ಟ್. ಅದು ಒಂದು ಹೊರಟರೆ ಮೂರು ಗೂಡ್ಸ್ ಪಕ್ಕಕ್ಕೆ ಸರಿಯಬೇಕಾಗಬಹುದು. ಈ ಲೆಕ್ಕವನ್ನು ಯಾವ ಅರ್ಜಿಯಲ್ಲೂ ಬರೆದದ್ದು ನಾನು ನೋಡಿಲ್ಲ. ನೀವು ಬರೆಯಿರಿ. ನನ್ನ ಅಂಕಿ ಸುಮ್ನೆ ಉದಾಹರಣೆಗೆ ಇಟ್ಟುಕೊಂಡದ್ದು. ನಿಜವಾದ ಓಟದ ಸಮಯ ಅವರ ಹತ್ತಿರ ಇರುತ್ತದೆ, ಅದನ್ನು ಹಾಕಿ ನೋಡಿದರೂ ಚಿತ್ರ ಅಷ್ಟೇನೂ ಬದಲಾಗಲ್ಲ.

ಹಾಗಾದರೆ ಅಡ್ಡಿ ಎಲ್ಲಿ? ತುದಿಯಲ್ಲಿ. ಗಾಡಿ ರಾತ್ರಿ ಎಲ್ಲಿ ಮಲಗುತ್ತದೋ ಬೆಳಗ್ಗೆ ಅಲ್ಲಿಂದಲೇ ಹೊರಡುತ್ತದೆ. ಕೇಳೋಕೆ ಚಿಕ್ಕ ವಿಷಯ. ಆದರೆ ನಿಮ್ಮಂಥ ಊರಿನ ಲೋಕಲ್ ಗಾಡಿಯ ಹಣೆಬರಹ ಬರೆಯೋದು ಇದೇ. ರೇಕ್ ಅಂದರೆ ಬೋಗಿಗಳ ಒಂದು ಪೂರ್ತಿ ಸೆಟ್. ಅದು ದಿನಪೂರ್ತಿ ಒಂದು ಸುತ್ತಿನಲ್ಲಿ ಇರುತ್ತದೆ. ಒಂದು ಊರಿಂದ ಬಂದು, ನಂಬರ್ ಬದಲಿಸಿಕೊಂಡು, ಇನ್ನೊಂದು ಊರಿಗೆ ಹೋಗಿ, ರಾತ್ರಿ ತನ್ನ ಮನೆ ಸೇರುತ್ತದೆ. ಅದಕ್ಕೆ ನಾವು ಲಿಂಕ್ ಅನ್ನುತ್ತೇವೆ. ರೇಕಿನ ಮನೆ ಹುಬ್ಬಳ್ಳಿ ಕಡೆ ಇದ್ದರೆ ಬೆಳಗ್ಗೆ ಅದು ಹುಬ್ಬಳ್ಳಿಯಿಂದ ನಿಮ್ಮ ಕಡೆಗೆ ಬರುತ್ತದೆ, ಸಂಜೆ ನಿಮ್ಮ ಕಡೆಯಿಂದ ಹುಬ್ಬಳ್ಳಿಗೆ ಹೋಗುತ್ತದೆ. ಹುಬ್ಬಳ್ಳಿ, ಗದಗದವರಿಗೆ ಅದು ಒಳ್ಳೇ ಗಾಡಿ. ಬಳ್ಳಾರಿಯವರಿಗೆ ಅದೇ ಗಾಡಿ ಉಲ್ಟಾ. ನೀವು ಬೆಳಗ್ಗೆ ಹೊರಡೋ ಹೊತ್ತಿಗೆ ಅದು ಇನ್ನೂ ಬರುತ್ತಿರುತ್ತದೆ, ನೀವು ವಾಪಸ್ ಬರೋ ಹೊತ್ತಿಗೆ ಅದು ಹೋಗುತ್ತಿರುತ್ತದೆ. ವೇಳಾಪಟ್ಟಿ ತೆಗೆದು ನೋಡಿದರೆ ‘ಬಳ್ಳಾರಿಗೆ ಗಾಡಿ ಇದೆಯಲ್ಲ’ ಅನಿಸುತ್ತದೆ. ಇದೆ, ನಿಮಗಲ್ಲ ಅಷ್ಟೇ.

ಅದಕ್ಕೆ ನನ್ನ ಮಾತು ಇಷ್ಟು. ‘ಹೊಸ ರೈಲು ಬಿಡಿ’ ಅಂತ ಕೇಳಬೇಡಿ. ‘ರಾತ್ರಿ ಬಳ್ಳಾರಿಯಲ್ಲಿ ಉಳಿಯೋ ಒಂದು ಮೆಮು ರೇಕ್ ಕೊಡಿ’ ಅಂತ ಕೇಳಿ. ಅದು ಬೆಳಗ್ಗೆ ಬಳ್ಳಾರಿಯಿಂದ ಹೊರಟು ತೋರಣಗಲ್ಲು, ಹೊಸಪೇಟೆ ಮುಟ್ಟಿ ಕೊಪ್ಪಳದವರೆಗೆ ಹೋಗಲಿ. ವಾಪಸ್ ಬರುವಾಗ ಕೊಪ್ಪಳ, ಗಿಣಿಗೇರಾ, ಮುನಿರಾಬಾದ್ ಕಡೆಯಿಂದ ಹೊಸಪೇಟೆ, ಬಳ್ಳಾರಿಗೆ ಬರೋರನ್ನ ಹತ್ತಿಸಿಕೊಳ್ಳುತ್ತದೆ. ಮಧ್ಯಾಹ್ನ ಗುಂತಕಲ್ಲಿಗೆ ಒಂದು ಸುತ್ತು ಹಾಕಬಹುದು. ಸಂಜೆ ಶಿಫ್ಟ್ ಬಿಡೋ ಹೊತ್ತಿಗೆ ಮತ್ತೆ ಪಶ್ಚಿಮದ ಕಡೆ. ಮೆಮು ಆದ್ದರಿಂದ ತುದಿಯಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ಕಡೆಗೆ ತಂದು ಜೋಡಿಸೋ ಕೆಲಸ ಇಲ್ಲ. ಡ್ರೈವರ್ ಈ ತುದಿಯಿಂದ ಆ ತುದಿಗೆ ನಡೆದುಹೋದರೆ ಮುಗಿಯಿತು. ಮಾಮೂಲಿ ಪ್ಯಾಸೆಂಜರ್ ಆದರೆ ಆ ಕೆಲಸಕ್ಕೇ ಅರ್ಧ ಗಂಟೆ ಪ್ಲಾಟ್‌ಫಾರ್ಮ್ ಕಟ್ಟಿಹಾಕುತ್ತದೆ.

ರಾತ್ರಿ ರೇಕ್ ಉಳಿಸೋದು ಸುಮ್ನೆ ಆಗೋ ಕೆಲಸ ಅಲ್ಲ, ಅದನ್ನೂ ಹೇಳಿಬಿಡಬೇಕು. ನಿಲ್ಲಿಸೋಕೆ ಒಂದು ಖಾಲಿ ಲೈನ್ ಬೇಕು, ನೀರು ತುಂಬಬೇಕು, ಬೋಗಿ ತೊಳೆಯಬೇಕು, ಡ್ರೈವರ್, ಗಾರ್ಡ್‌ಗೆ ಡ್ಯೂಟಿ ಮುಗಿದ ಮೇಲೆ ವಿಶ್ರಾಂತಿಗೆ ಜಾಗ ಬೇಕು. ಕೆಲವು ದಿನಕ್ಕೊಮ್ಮೆ ಮೆಮು ಶೆಡ್ಡಿಗೆ ಹೋಗಿ ಬರಬೇಕು, ಆ ದಿನ ಬದಲಿ ರೇಕ್ ಬೇಕು. ಯಾರ್ಡಿನಲ್ಲಿ ಗೂಡ್ಸ್ ತುಂಬಿಕೊಂಡಿರುವಾಗ ಒಂದು ಲೈನ್ ಪ್ಯಾಸೆಂಜರ್‌ಗೆ ಬಿಟ್ಟುಕೊಡಿ ಅಂದರೆ ಯಾರೂ ಖುಷಿಪಡಲ್ಲ. ಆದರೆ ಇವೆಲ್ಲ ಒಂದು ವಿಭಾಗದ ಮಟ್ಟದಲ್ಲೇ ಕೂತು ಬಗೆಹರಿಸಬಹುದಾದ ವಿಷಯಗಳು. ಹೊಸ ಲೈನಿನ ಹಾಗೆ ಇಪ್ಪತ್ತೈದು ವರ್ಷ ಕಾಯಬೇಕಾಗಿಲ್ಲ.

ಇಪ್ಪತ್ತೈದು ವರ್ಷ ಅಂದದ್ದು ಉತ್ಪ್ರೇಕ್ಷೆ ಅಲ್ಲ. ಮುನಿರಾಬಾದ್–ಮೆಹಬೂಬ್‌ನಗರ ಲೈನ್ ಮಂಜೂರಾಗಿದ್ದು 1997–98ರಲ್ಲಿ. ಗಂಗಾವತಿ ದಾಟಿ, ಕಾರಟಗಿ ದಾಟಿ, ಸಿಂಧನೂರಿಗೆ ಗಾಡಿ ಬಂದದ್ದು 2024ರಲ್ಲಿ. ರಾಯಚೂರಿನ ಆಕಡೆ ಗದ್ವಾಲ್ ತುಂಡು 2013ರಲ್ಲೇ ಆಯಿತು. ಕೊಪ್ಪಳದವರಿಗೆ ಈಗ ಇನ್ನೊಂದು ಕವಲು ಸಿಕ್ಕಿದೆ. ಗದಗ–ವಾಡಿ ಲೈನಿನಲ್ಲಿ ತಳಕಲ್‌ನಿಂದ ಕುಷ್ಟಗಿವರೆಗೆ 2025ರ ಮೇ ತಿಂಗಳಲ್ಲಿ ಗಾಡಿ ಶುರುವಾಯಿತು. ಗಾಡಿಯ ಮುಖ ಹುಬ್ಬಳ್ಳಿ ಕಡೆಗೆ ಅನ್ನೋದನ್ನ ಗಮನಿಸಿ. ಸಿಂಧನೂರಿಗೆ ಹೋಗೋ ಪ್ಯಾಸೆಂಜರ್ ಗಾಡಿಯೂ ಹುಬ್ಬಳ್ಳಿಯದೇ. ವಿಭಾಗದ ಕಚೇರಿ, ರೇಕಿನ ಮನೆ, ಸಿಬ್ಬಂದಿ ಎಲ್ಲ ಅಲ್ಲಿರುವಾಗ ಹೀಗಾಗೋದು ಸಹಜ. ಯಾರೂ ಬೇಕಂತ ಮಾಡಿದ್ದಲ್ಲ. ಆದರೆ ಬಳ್ಳಾರಿಯವರು ಬಾಯಿ ಬಿಟ್ಟು ಕೇಳದಿದ್ದರೆ ತಾನಾಗಿ ಬದಲಾಗೋದೂ ಇಲ್ಲ.

ರಾಯಚೂರಿನ ಕಥೆ ಬೇರೆ. ಮುಂಬೈ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಸೇರಿದ್ದೇ ಅಲ್ಲಿ, 1871ರಲ್ಲಿ. ದೂರದ ಊರಿಗೆ ಅಲ್ಲಿ ಗಾಡಿಗೆ ಬರ ಇಲ್ಲ. ಉದ್ಯಾನ್ ಇದೆ, ಕರ್ನಾಟಕ ಎಕ್ಸ್‌ಪ್ರೆಸ್ ಇದೆ, 2024ರ ಮಾರ್ಚಿಂದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಕೂಡ ನಿಲ್ಲುತ್ತದೆ. ಆದರೆ ಅದೇ ಜಿಲ್ಲೆಯ ಸಿಂಧನೂರಿನಿಂದ ಜಿಲ್ಲಾ ಕೇಂದ್ರಕ್ಕೆ ನೇರ ರೈಲು ಇಲ್ಲ, ಮಾನ್ವಿ ಕಡೆಯ ಆ ತುಂಡು ಇನ್ನೂ ಮುಗಿಯಬೇಕು. ದೆಹಲಿಗೆ ರೈಲು ಇದೆ, ಪಕ್ಕದ ತಾಲ್ಲೂಕಿಗೆ ಬಸ್ಸೇ ಗತಿ.

ಇನ್ನು ಗುಂತಕಲ್ ಸುತ್ತು. ಇದಕ್ಕೆ ಹಳೇ ನಕ್ಷೆ ನೋಡಬೇಕು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದಕ್ಕೆ ಮುಂಚೆ ಅದು ಮದ್ರಾಸ್ ಪ್ರಾಂತ್ಯ. ಹಳಿ ಹಾಕಿದೋರಿಗೆ ಬೆಂಗಳೂರು ಲೆಕ್ಕದಲ್ಲೇ ಇರಲಿಲ್ಲ. ಪೂರ್ವಕ್ಕೆ ಮದ್ರಾಸ್, ಪಶ್ಚಿಮಕ್ಕೆ ಗೋವಾ ಬಂದರು. 1876–78ರ ದೊಡ್ಡ ಬರದಲ್ಲಿ ಈ ಭಾಗದ ಜನ ಹಸಿವಿನಿಂದ ಸತ್ತರು. ಬಳ್ಳಾರಿಯಿಂದ ಪಶ್ಚಿಮಕ್ಕೆ ಧಾನ್ಯ ಸಾಗಿಸೋಕೆ ರೈಲು ದಾರಿಯೇ ಇರಲಿಲ್ಲ. ಆಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಅಂತ ಕಂಪನಿ ಆಯಿತು. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಲೈನ್ ಬಂದದ್ದು ಆ ದಶಕದಲ್ಲೇ, ಬರ ತಡೆಯೋ ಲೈನಾಗಿ. ಕೊಪ್ಪಳ ಆಗ ನಿಜಾಮರ ಸೀಮೆ. ಮುಂದೆ ಅದಿರು ಮದ್ರಾಸ್ ಬಂದರಿಗೆ ಹೋಗೋಕೆ ಶುರುವಾಯಿತು. ಬ್ರಾಡ್‌ಗೇಜ್ ಮೊದಲು ಬಂದದ್ದು ಗುಂತಕಲ್‌ನಿಂದ ಹೊಸಪೇಟೆವರೆಗೆ ಮಾತ್ರ. ಹೊಸಪೇಟೆಯಿಂದ ಹುಬ್ಬಳ್ಳಿ ಕಡೆಗೆ ಅದು ಮುಂದುವರಿಯೋಕೆ 1990ರ ದಶಕ ಬರಬೇಕಾಯಿತು. ಮನುಷ್ಯರಿಗಿಂತ ಅದಿರಿಗೆ ಮರ್ಯಾದೆ ಅಂದಿರಲ್ಲ, ಈ ಒಂದು ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ನಿಜ.

ನಿಮ್ಮೂರಿಂದ ಬೆಂಗಳೂರಿಗೆ ಹೋಗೋ ಹಂಪಿ ಎಕ್ಸ್‌ಪ್ರೆಸ್ ಇವತ್ತಿಗೂ ಆ ಹಳೇ ನಕ್ಷೆಯ ಮೇಲೇ ಓಡುತ್ತದೆ. ಹೊರಡೋದು ನೈರುತ್ಯ ರೈಲ್ವೆಯಲ್ಲಿ, ಮಧ್ಯೆ ಬೇರೆ ವಲಯದ ಗುಂತಕಲ್ ವಿಭಾಗದ ಕೈಗೆ ಸಿಕ್ಕಿ, ಧರ್ಮಾವರಂ ದಾಟಿ ಮತ್ತೆ ನೈರುತ್ಯ ರೈಲ್ವೆಗೆ. ಒಂದು ಗಾಡಿಯ ಸಮಯ ಹತ್ತು ನಿಮಿಷ ಸರಿಸಬೇಕು ಅಂದರೂ ಎರಡು ವಲಯ ಒಪ್ಪಬೇಕು. ಇನ್ನೊಂದು ದಾರಿ ರಾಯದುರ್ಗ, ಚಿತ್ರದುರ್ಗ, ಚಿಕ್ಕಜಾಜೂರು ಮೇಲೆ. ಅದು ಬೆಂಗಳೂರಿಗೆ ಇನ್ನೂ ಸುತ್ತು. ಆ ಬಳ್ಳಾರಿ–ಚಿಕ್ಕಜಾಜೂರು 185 ಕಿಲೋಮೀಟರ್ ಸಿಂಗಲ್ ಲೈನನ್ನು ಡಬಲ್ ಮಾಡೋಕೆ ಕೇಂದ್ರ ಸಂಪುಟ 2025ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ, ₹3,342 ಕೋಟಿ ಅಂದಾಜು. ಮುಖ್ಯ ಕಾರಣ ಗೂಡ್ಸ್ ಅನ್ನೋದರಲ್ಲಿ ಅನುಮಾನ ಬೇಡ. ಆದರೂ ಸಿಂಗಲ್ ಲೈನಿನಲ್ಲಿ ಕ್ರಾಸಿಂಗ್‌ಗೆ ಕಾದು ಸಾಕಾದ ಪ್ಯಾಸೆಂಜರ್‌ಗೂ ಉಪಯೋಗ ಆಗುತ್ತದೆ.

ಬಳ್ಳಾರಿಯಲ್ಲಿ ಎಲ್ಲರ ಬಾಯಲ್ಲಿರೋದು ತುಮಕೂರು–ರಾಯದುರ್ಗ ಹೊಸ ಲೈನ್. ಮಧುಗಿರಿ, ಪಾವಗಡ, ಕಲ್ಯಾಣದುರ್ಗ ಮೇಲೆ 207 ಕಿಲೋಮೀಟರ್. ‘ಅದು ಆದರೆ ಬೆಂಗಳೂರು ಹತ್ತಿರ ಆಗುತ್ತೆ’ ಅಂತ ಹೇಳುತ್ತಾರೆ. ಕೂಡಿಸಿ ನೋಡಿ. ಬಳ್ಳಾರಿಯಿಂದ ರಾಯದುರ್ಗ ಐವತ್ತು ಚಿಲ್ಲರೆ, ಅದಕ್ಕೆ 207, ಅದಕ್ಕೆ ತುಮಕೂರಿನಿಂದ ಬೆಂಗಳೂರು ಎಪ್ಪತ್ತು. ಒಟ್ಟು ಸುಮಾರು 330. ಗುಂತಕಲ್ ಮೇಲೂ ಹೆಚ್ಚುಕಮ್ಮಿ ಅಷ್ಟೇ, ಹತ್ತು ಹದಿನೈದು ಕಿಲೋಮೀಟರ್ ಆಚೀಚೆ. ಲೈನ್ ಬೇಡ ಅಂತ ನಾನು ಹೇಳುತ್ತಿಲ್ಲ. ಪಾವಗಡ, ಮಧುಗಿರಿಗೆ ರೈಲು ಅನ್ನೋದೇ ಹೊಸದು, ಅವರಿಗೆ ಬೇಕೇ ಬೇಕು. ಬಳ್ಳಾರಿಗೆ ಸಿಗೋ ಲಾಭ ದೂರದಲ್ಲಿ ಅಲ್ಲ, ದಟ್ಟಣೆಯ ಗುಂತಕಲ್ ದಾರಿಗೆ ಒಂದು ಬದಲಿ ಸಿಗುತ್ತದೆ ಅನ್ನೋದರಲ್ಲಿ. ಹಗಲು ಹೊತ್ತಿನ ಬೆಂಗಳೂರು ಗಾಡಿ ಅದರ ಮೇಲೆ ಚೆನ್ನಾಗಿ ಓಡಬಹುದು. ಆದರೆ ನಿಮ್ಮ ದಿನನಿತ್ಯದ ತೋರಣಗಲ್ಲು ಓಡಾಟಕ್ಕೆ ಅದರಿಂದ ಒಂದು ಪೈಸೆಯ ಉಪಯೋಗ ಇಲ್ಲ. ದೊಡ್ಡ ಲೈನಿನ ಕನಸಿನಲ್ಲಿ ಸಣ್ಣ ಗಾಡಿ ಕೇಳೋದನ್ನ ಮರೆಯಬೇಡಿ.

ಸ್ಟೇಷನ್ ಮುಟ್ಟೋ ವಿಷಯಕ್ಕೆ ಬರೋಣ. ನಿಮ್ಮ ಲೆಕ್ಕ ಸರಿ. ಆರ್ಡಿನರಿ ಗಾಡಿಯಲ್ಲಿ ಕನಿಷ್ಠ ಟಿಕೆಟ್ ₹10. ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ದರ ಹಾಕಿ ₹30 ಮಾಡಿದ್ದರು, 2024ರ ಫೆಬ್ರವರಿಯಲ್ಲಿ ಮತ್ತೆ ಹತ್ತಕ್ಕೆ ಇಳಿಸಿದರು. ಆಟೋದವರು ಇದಕ್ಕಿಂತ ಜಾಸ್ತಿ ಕೇಳದೆ ಇರುತ್ತಾರಾ? ಟಂಟಂನಲ್ಲಿ ಕಡಿಮೆ ಆಗುತ್ತದೆ, ಆದರೆ ಅದು ತುಂಬೋವರೆಗೆ ಹೊರಡಲ್ಲ. ರೈಲು ತುಂಬೋವರೆಗೆ ಕಾಯಲ್ಲ.

ಸಿಟಿ ಬಸ್ ಎಷ್ಟು ಇರಬೇಕು ಅನ್ನೋದಕ್ಕೆ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ ಹಿಂದೆಯೇ ಒಂದು ಮಾನದಂಡ ಮಾಡಿಟ್ಟಿದೆ. ಸಾವಿರ ಜನಕ್ಕೆ 0.6 ಬಸ್ ಇದ್ದರೆ ಉತ್ತಮ, 0.4ರಿಂದ 0.6 ಇದ್ದರೆ ಪರವಾಗಿಲ್ಲ, 0.2ಕ್ಕಿಂತ ಕೆಳಗೆ ಹೋದರೆ ಕಳಪೆ. 2011ರ ಜನಗಣತಿಯಲ್ಲಿ ಬಳ್ಳಾರಿ ನಗರದ ಜನ 4,10,445. ‘ಪರವಾಗಿಲ್ಲ’ ಅನ್ನಿಸಿಕೊಳ್ಳೋಕೇ 165 ಸಿಟಿ ಬಸ್ ಬೇಕು. ಹಳೇ ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ ನಿಂತು ನೋಡಿದರೆ ನಾವು ಯಾವ ದರ್ಜೆಯಲ್ಲಿದ್ದೇವೆ ಅಂತ ನಿಮಗೇ ಗೊತ್ತಾಗುತ್ತದೆ. ಕೇಂದ್ರ ಸರ್ಕಾರ 2023ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟ ಪಿಎಂ ಇ-ಬಸ್ ಸೇವಾ ಯೋಜನೆ ಇದೆ, ಹತ್ತು ಸಾವಿರ ಕರೆಂಟ್ ಬಸ್ಸಿನದು. 3 ಲಕ್ಷಕ್ಕಿಂತ ಜಾಸ್ತಿ ಜನ ಇರೋ ನಗರಗಳಿಗೆ ಅದು ಅನ್ವಯ. ಜನಸಂಖ್ಯೆ ಪ್ರಕಾರ ಬಳ್ಳಾರಿ ಅದರೊಳಗೆ ಬರುತ್ತದೆ. ರಾಯಚೂರು, ಕೊಪ್ಪಳಕ್ಕೆ ಆ ಲೆಕ್ಕದಲ್ಲಿ ಬಾಗಿಲು ಇಲ್ಲ.

ಬಸ್ ಸಂಖ್ಯೆಗಿಂತ ನನಗೆ ಮುಖ್ಯ ಅನಿಸೋದು ಹೊಂದಾಣಿಕೆ. ಬೆಳಗಿನ ಗಾಡಿ ಹೊರಡೋ ಇಪ್ಪತ್ತು ನಿಮಿಷ ಮುಂಚೆ ಸ್ಟೇಷನ್ ಮುಟ್ಟೋ ಹಾಗೆ ಕೌಲ್ ಬಜಾರ್ ಕಡೆಯಿಂದ ಒಂದು ಬಸ್, ಗಾಂಧಿನಗರ ಕಡೆಯಿಂದ ಒಂದು ಬಸ್. ಸಂಜೆ ಗಾಡಿ ಬಂದ ಮೇಲೆ ಅವೇ ಬಸ್ಸು ಹೊರಗೆ ನಿಂತಿರಬೇಕು. ಗಾಡಿ ಲೇಟಾದರೆ ಕಂಡಕ್ಟರ್‌ಗೆ ಹೇಳೋರು ಒಬ್ಬರು ಇರಬೇಕು. ಇವತ್ತು ಫೋನಿನಲ್ಲಿ ಗಾಡಿ ಎಲ್ಲಿದೆ ಅಂತ ಯಾರು ಬೇಕಾದರೂ ನೋಡಬಹುದು, ಬಸ್ಸಿನವರೂ ನೋಡಬಹುದು. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ರೈಲ್ವೆ ಕೇಂದ್ರದ್ದು, ಬಸ್ಸು ರಾಜ್ಯದ್ದು, ಇಬ್ಬರೂ ಒಂದೇ ಮೇಜಿಗೆ ಕೂತು ಸಮಯ ಬರೆದುಕೊಂಡ ಉದಾಹರಣೆ ಮಾತ್ರ ನಮ್ಮ ಕಡೆ ಕಮ್ಮಿ.

ಬಸ್ಸು ಸಮಯಕ್ಕೆ ಓಡಬೇಕಂದ್ರೆ ಗೇಟಿನ ವಿಷಯವನ್ನೂ ಹೇಳಬೇಕು. ಸುಧಾ ಕ್ರಾಸ್‌ನಲ್ಲಿ ಗೇಟು ಬಿದ್ದಾಗ ‘ಗಾಡಿ ಇನ್ನೂ ಕಾಣ್ತಾನೇ ಇಲ್ಲ, ಈಗಲೇ ಯಾಕೆ ಹಾಕಿದ’ ಅಂತ ಗೇಟ್‌ಮನ್‌ಗೆ ಬೈಯೋರನ್ನ ನೀವೂ ಕಂಡಿರುತ್ತೀರಿ. ಸಿಗ್ನಲ್‌ಗೂ ಗೇಟಿಗೂ ಬೀಗದ ಸಂಬಂಧ ಇರುತ್ತದೆ. ಗೇಟು ಪೂರ್ತಿ ಬಿದ್ದು ಲಾಕ್ ಆಗದೆ ಸಿಗ್ನಲ್ ಹಸಿರು ಆಗಲ್ಲ. ಸಿಗ್ನಲ್ ಹಸಿರು ಕಾಣದಿದ್ದರೆ ಡ್ರೈವರ್ ದೂರದಿಂದಲೇ ಬ್ರೇಕ್ ಹಾಕುತ್ತಾನೆ. ಹಾಗಾಗಿ ಗಾಡಿ ಕೆಲವು ನಿಮಿಷ ದೂರ ಇರುವಾಗಲೇ ಗೇಟು ಹಾಕಲೇಬೇಕು. ಮೇಲೆ ಅದು ಯಾರ್ಡಿನಿಂದ ಆಗ ತಾನೇ ಎದ್ದ ಲೋಡ್ ಗೂಡ್ಸ್ ಆದರೆ, ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಅದರ ಬಾಲ ದಾಟೋಕೇ ಎರಡೂವರೆ ನಿಮಿಷ. ಅಷ್ಟರಲ್ಲಿ ಎದುರುಗಡೆಯಿಂದ ಇನ್ನೊಂದು ಬಂತು ಅಂದರೆ ಗೇಟ್‌ಮನ್ ತೆಗೆಯೋಕೆ ಆಗಲ್ಲ.

ಮೇಲ್ಸೇತುವೆ ಯಾವಾಗ ಕಟ್ಟಬೇಕು ಅನ್ನೋದಕ್ಕೂ ಒಂದು ಲೆಕ್ಕ ಇದೆ. ದಿನಕ್ಕೆ ಎಷ್ಟು ರೈಲು, ಎಷ್ಟು ವಾಹನ, ಎರಡನ್ನೂ ಗುಣಿಸಿದರೆ 1 ಲಕ್ಷ ದಾಟಬೇಕು. ಆಗ ರೈಲ್ವೆ, ರಾಜ್ಯ ಸರ್ಕಾರ ಅರ್ಧ ಅರ್ಧ ಖರ್ಚು ಹಾಕಿ ಕಟ್ಟೋದು ರೂಢಿ. ದಿನಕ್ಕೆ 80 ರೈಲು ಹೋದರೆ 1,250 ವಾಹನ ಸಾಕು. ಆದರೆ ಈ ಎಣಿಕೆಯಲ್ಲಿ ಆಟೋಗೆ ಅರ್ಧ, ಬೈಕಿಗೆ ಕಾಲು. ಕಾರಿನಲ್ಲಿ ಒಬ್ಬನೇ ಕೂತು ಹೋಗೋನು ಒಂದು ಪೂರ್ತಿ, ಬೈಕಿನಲ್ಲಿ ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಹೋಗೋನು ಕಾಲು. ಬೈಕೇ ಜಾಸ್ತಿ ಇರೋ ನಮ್ಮಂಥ ಊರಿಗೆ ಇದು ಅನ್ಯಾಯ ಅಂತ ನನ್ನ ಅನಿಸಿಕೆ. ಸೇತುವೆ ಬದಲು ಕೆಳಗೆ ಅಂಡರ್‌ಪಾಸ್ ತೋಡಿದರೆ ಏನಾಗುತ್ತದೆ ಅಂತ ದುರ್ಗಮ್ಮನ ಗುಡಿ ಹತ್ತಿರ ಮಳೆಗಾಲದಲ್ಲಿ ನೋಡಿದ್ದೀರಿ, ನಾನು ಹೇಳಬೇಕಾಗಿಲ್ಲ.

ಒಂದು ಎದುರುವಾದವನ್ನೂ ಹೇಳುತ್ತೇನೆ, ಅರ್ಜಿ ಕೊಟ್ಟಾಗ ಅವರು ಇದನ್ನೇ ಹೇಳುತ್ತಾರೆ. ರೈಲ್ವೆ ಮಂತ್ರಿಗಳೇ ಹೇಳಿರೋ ಹಾಗೆ ₹100 ಖರ್ಚು ಬೀಳೋ ಪ್ರಯಾಣಕ್ಕೆ ಪ್ರಯಾಣಿಕರಿಂದ ಬರೋದು ಸರಾಸರಿ ₹54. ಲೋಕಲ್ ಗಾಡಿಯಲ್ಲಿ ನಷ್ಟ ಇನ್ನೂ ಜಾಸ್ತಿ. ಅದನ್ನು ತುಂಬಿಕೊಡೋದು ಗೂಡ್ಸ್. ಜೊತೆಗೆ ಬಳ್ಳಾರಿ–ಹೊಸಪೇಟೆ ಹೈವೇ ಮೇಲೆ ಬಸ್ಸು ಬೇಕಾದಷ್ಟಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಫ್ರೀ. ನಿಮ್ಮ ಮಗಳೇ ಬಸ್ಸಿನಲ್ಲಿ ದುಡ್ಡಿಲ್ಲದೆ ಹೋಗುವಾಗ ರೈಲಿಗೆ ಯಾಕೆ ಬರುತ್ತಾಳೆ ಅಂತ ಕೇಳಿದರೆ ಉತ್ತರ ಇಟ್ಟುಕೊಳ್ಳಿ. ನನ್ನ ಉತ್ತರ ಏನಂದರೆ, ಬೆಳಗ್ಗೆ ಎಂಟರ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇಲ್ಲ. ಒಂದು ಮೆಮು ಹತ್ತಾರು ಬಸ್ಸಿನ ಜನರನ್ನ ಒಂದೇ ಸಲ ಎತ್ತುತ್ತದೆ. ಶಿಫ್ಟ್ ಬಿಡೋ ಹೊತ್ತಿನಲ್ಲಿ ಅದಿರು ಲಾರಿಗಳ ಮಧ್ಯೆ ಬೈಕ್ ಓಡಿಸೋ ಹುಡುಗರು ಹಳಿ ಮೇಲೆ ಬಂದರೆ ಸಾಕು. ಮಿಕ್ಕ ಹೊತ್ತಿಗೆ ಬಸ್ಸೇ ಒಳ್ಳೇದು, ಅದನ್ನು ಒಪ್ಪಿಕೊಂಡುಬಿಡಿ. ದಿನಪೂರ್ತಿ ಗಂಟೆಗೊಂದು ರೈಲು ಕೇಳಿದರೆ ಅರ್ಜಿ ನೋಡೋರು ನಗುತ್ತಾರೆ.

ಅರ್ಜಿ ಯಾರಿಗೆ ಅಂದಿರಲ್ಲ. ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಒಂದು, ಅದರ ಪ್ರತಿ ಅಲ್ಲಿಯ ಹಿರಿಯ ಆಪರೇಷನ್ಸ್ ಮ್ಯಾನೇಜರ್‌ಗೆ. ಸಂಸದರಿಗೂ ಒಂದು ಪ್ರತಿ ಇರಲಿ. ವಿಭಾಗ ಮಟ್ಟದಲ್ಲಿ, ವಲಯ ಮಟ್ಟದಲ್ಲಿ ರೈಲು ಬಳಕೆದಾರರ ಸಲಹಾ ಸಮಿತಿಗಳಿವೆ. ಅದರಲ್ಲಿ ನಿಮ್ಮ ಜಿಲ್ಲೆಯವರು ಯಾರಿದ್ದಾರೆ ಅಂತ ವಿಚಾರಿಸಿ, ಅವರ ಕೈಯಿಂದ ಸಭೆಯಲ್ಲಿ ಎತ್ತಿಸಿ. ಸಭೆಯಲ್ಲಿ ಬಂದ ವಿಷಯಕ್ಕೆ ಲಿಖಿತ ಉತ್ತರ ಕೊಡಲೇಬೇಕಾಗುತ್ತದೆ. ವೇಳಾಪಟ್ಟಿ ಬದಲಾವಣೆಯ ಪ್ರಸ್ತಾವಗಳು ತಿಂಗಳುಗಟ್ಟಲೆ ಮುಂಚೆಯೇ ಸೇರಿಹೋಗಿರುತ್ತವೆ. ಹೊಸ ಪಟ್ಟಿ ಬಂದ ಮೇಲೆ ಸ್ಟೇಷನ್ ಮುಂದೆ ಧರಣಿ ಕೂತರೆ ಆ ವರ್ಷಕ್ಕೆ ಏನೂ ಆಗಲ್ಲ. ಅರ್ಜಿಯಲ್ಲಿ ಸಹಿಗಿಂತ ಸಮಯ ಬರೆಯಿರಿ. ತೋರಣಗಲ್ಲಿನಲ್ಲಿ ಶಿಫ್ಟ್ ಎಷ್ಟಕ್ಕೆ ಶುರು, ಎಷ್ಟಕ್ಕೆ ಬಿಡುತ್ತದೆ, ಹೊಸಪೇಟೆಯಲ್ಲಿ ಕಾಲೇಜು ಎಷ್ಟಕ್ಕೆ, ಹಾಗಾಗಿ ಗಾಡಿ ಎಷ್ಟಕ್ಕೆ ಮುಟ್ಟಬೇಕು. ಇಷ್ಟು ಬರೆದ ಅರ್ಜಿ ಸೀದಾ ಚಾರ್ಟ್ ಎಳೆಯೋನ ಮೇಜಿಗೆ ಬರುತ್ತದೆ. ‘ಜನರಿಗೆ ತುಂಬಾ ತೊಂದರೆಯಾಗಿದೆ’ ಅಂತ ಎರಡು ಪುಟ ಬರೆದದ್ದು ಫೈಲಿಗೆ ಹೋಗುತ್ತದೆ.

ಅವರು ನೋಡೋ ಇನ್ನೊಂದು ವಿಷಯ ಟಿಕೆಟ್ ಮಾರಾಟ. ಯಾವ ಸ್ಟೇಷನ್ನಿಂದ ಯಾವ ಸ್ಟೇಷನ್ನಿಗೆ ಎಷ್ಟು ಟಿಕೆಟ್ ಅನ್ನೋದು ಕಂಪ್ಯೂಟರಿನಲ್ಲಿ ಇರುತ್ತದೆ. ಕುಡತಿನಿಯಿಂದ ಐವತ್ತು ಜನ ಹತ್ತಿ ಎಂಟು ಟಿಕೆಟ್ ಹೋದರೆ, ಲೆಕ್ಕದಲ್ಲಿ ಅಲ್ಲಿ ಎಂಟೇ ಜನ. ಮುಂದೆ ಆ ಸ್ಟಾಪ್ ತೆಗೆಯೋ ಮಾತು ಬಂದಾಗ ಮಿಕ್ಕ ನಲವತ್ತೆರಡು ಜನ ಎಷ್ಟು ಕೂಗಿದರೂ ಕೇಳಿಸಲ್ಲ.

ಅದಕ್ಕೇ ಸೀಸನ್ ಟಿಕೆಟ್ ಮಾಡಿಸಿ, ಉಳಿತಾಯವೂ ಇದೆ. 150 ಕಿಲೋಮೀಟರ್‌ವರೆಗೆ ಕೊಡುತ್ತಾರೆ. ತಿಂಗಳಿನದಕ್ಕೆ ಸುಮಾರು ಹದಿನೈದು ಸಲ ಹೋಗೋ ಟಿಕೆಟ್‌ನಷ್ಟು ದುಡ್ಡು ಬೀಳುತ್ತದೆ. ಹೋಗಿಬರೋದು ಸೇರಿ ವಾರಕ್ಕೆ ಎರಡು ಮೂರು ದಿನ ರೈಲಿನಲ್ಲಿ ಹೋದರೂ ಅಸಲು ಬಂದುಬಿಡುತ್ತದೆ. ಮೂರು ತಿಂಗಳದ್ದು ತಗೊಂಡರೆ 2.7 ತಿಂಗಳ ದುಡ್ಡಷ್ಟೇ. ರಿಸರ್ವೇಷನ್ ಬೋಗಿಗೆ ಅದು ನಡೆಯಲ್ಲ, ಸೂಪರ್‌ಫಾಸ್ಟ್ ಹತ್ತಬೇಕಂದ್ರೆ ಮೇಲಿನ ಶುಲ್ಕ ಕಟ್ಟಬೇಕು. ಮಗಳಿಗೆ ಮಾತ್ರ ದುಡ್ಡು ಕೊಟ್ಟು ಮಾಡಿಸಬೇಡಿ. ಮನೆಯಿಂದ ಕಾಲೇಜಿಗೆ ಓಡಾಡೋ ಹುಡುಗಿಯರಿಗೆ ಪದವಿ ಮುಗಿಯೋವರೆಗೆ ಸೆಕೆಂಡ್ ಕ್ಲಾಸ್ ಮಾಸಿಕ ಪಾಸು ಪೂರ್ತಿ ಫ್ರೀ. ಹುಡುಗರಿಗೆ ಹನ್ನೆರಡನೇ ತರಗತಿವರೆಗೆ. ಪ್ರಿನ್ಸಿಪಾಲರಿಂದ ಸರ್ಟಿಫಿಕೇಟ್ ಬರೆಸಿಕೊಂಡು ಬಳ್ಳಾರಿ ಸ್ಟೇಷನ್ ಕೌಂಟರಿನಲ್ಲಿ ಕೇಳಿ. ಕೌಂಟರಿನಲ್ಲಿದ್ದವರು ‘ಅಂಥದ್ದೇನೂ ಇಲ್ಲ’ ಅಂದರೆ ಕಮರ್ಷಿಯಲ್ ಇನ್‌ಸ್ಪೆಕ್ಟರನ್ನ ಕಾಣಿ. ದುಡ್ಡು ಬರದ ಈ ಪಾಸು ಕೂಡ ಅವರ ಲೆಕ್ಕದಲ್ಲಿ ಒಬ್ಬ ಪ್ರಯಾಣಿಕಳಾಗಿ ದಾಖಲಾಗುತ್ತದೆ.